ಹಾಜರಿ ಪುಸ್ತಕಕ್ಕೆ 70 ಕೋಟಿ ಡಾಲರ್!

ವಾರದ ಕೊನೆಗೆ ಟೈಮ್‌ಶೀಟ್ ತುಂಬಿಸೋ ಕೆಲಸ ಸಾಫ್ಟ್‌ವೇರಿನಲ್ಲಿರೋ ನಮ್ಮಂಥವರಿಗೆಲ್ಲ ಗೊತ್ತಿದ್ದದ್ದೇ. ಯಾವ ಪ್ರಾಜೆಕ್ಟಿಗೆ ಎಷ್ಟು ಗಂಟೆ ಅಂತ ಬರೆದು ಮ್ಯಾನೇಜರ್ ಹತ್ರ ಅಪ್ರೂವ್ ಮಾಡಿಸಿಕೊಂಡರೆ ಮುಗೀತು, ಕ್ಲೈಂಟಿಗೆ ಬಿಲ್ಲು ಹೋಗುತ್ತೆ. ಇಂಥದ್ದೇ ಟೈಮ್‌ಶೀಟುಗಳ ಮೂಲಕ ಒಂದು ಮಹಾನಗರದ ಖಜಾನೆ ಹೇಗೆ ಸೋರಿಹೋಯಿತು ಅನ್ನೋ ಕಥೆ ಇದು. ತಮಾಷೆ ಅಂದ್ರೆ, ಆ ನಗರ ಈ ದುಡ್ಡನ್ನು ಖರ್ಚು ಮಾಡಿದ್ದೇ ತನ್ನ ನೌಕರರು ಟೈಮ್‌ಶೀಟಿನಲ್ಲಿ ಸುಳ್ಳು ಬರೆಯದಂತೆ ತಡೆಯೋಕೆ!

ಊರು ನ್ಯೂಯಾರ್ಕ್, ಯೋಜನೆಯ ಹೆಸರು ಸಿಟಿಟೈಮ್. 1998ರಲ್ಲಿ, ರೂಡಿ ಜೂಲಿಯಾನಿ ಮೇಯರ್ ಆಗಿದ್ದಾಗ ಇದು ಶುರುವಾಯಿತು. ನಗರಾಡಳಿತದಲ್ಲಿ ಲಕ್ಷಗಟ್ಟಲೆ ನೌಕರರು. ಅವರ ಹಾಜರಿ, ರಜೆ, ಓವರ್‌ಟೈಮ್ ಲೆಕ್ಕವೆಲ್ಲ ಬಹುಮಟ್ಟಿಗೆ ಕಾಗದದ ಮೇಲೆ. ಇದನ್ನೆಲ್ಲ ಕಂಪ್ಯೂಟರಿಗೆ ತಂದರೆ ಸಮಯ ಉಳಿಯುತ್ತೆ, ಕಳ್ಳ ಓವರ್‌ಟೈಮ್ ನಿಲ್ಲುತ್ತೆ ಅನ್ನೋದು ಲೆಕ್ಕಾಚಾರ. ಅಂದಾಜು ವೆಚ್ಚ ಸುಮಾರು 6 ಕೋಟಿ 30 ಲಕ್ಷ ಡಾಲರ್. ಅಷ್ಟು ದೊಡ್ಡ ಊರಿಗೆ ಇದು ದುಬಾರಿ ಅಂತ ಯಾರಿಗೂ ಅನಿಸಲಿಲ್ಲ.

ಗುತ್ತಿಗೆ ಮೊದಲು ಸಿಕ್ಕಿದ್ದು ಎಂಸಿಐ ಅನ್ನೋ ಟೆಲಿಫೋನ್ ಕಂಪನಿಯ ಅಂಗಸಂಸ್ಥೆಗೆ. ಒಂದೆರಡು ವರ್ಷಗಳಲ್ಲಿ ಕೆಲಸ ಕೈ ಬದಲಾಗಿ ಎಸ್‌ಎಐಸಿ ಅನ್ನೋ ದೊಡ್ಡ ಕಂಪನಿಗೆ ಬಂತು. ಅದರ ಕೆಲಸ ಸರಿಯಾಗಿದೆಯಾ ಅಂತ ನೋಡೋಕೆ ಸ್ಫೀರಿಯನ್ ಅನ್ನೋ ಇನ್ನೊಂದು ಕಂಪನಿ. ಇಬ್ಬರ ಮೇಲೂ ಕಣ್ಣಿಡಬೇಕಾದದ್ದು ನಗರದ ವೇತನ ಕಚೇರಿ. ಆ ಕಚೇರಿಯ ಮೇಲಿದ್ದ ಮಂಡಳಿಯಲ್ಲಿ ಇಬ್ಬರೇ ಸದಸ್ಯರು, ಒಬ್ಬರು ಮೇಯರ್ ಕಡೆಯವರು, ಇನ್ನೊಬ್ಬರು ನಗರದ ಲೆಕ್ಕಪತ್ರದ ಮುಖ್ಯಸ್ಥ ಕಂಟ್ರೋಲರ್ ಕಡೆಯವರು. ಇವರು ನೋಡ್ಕೋತಾರೆ ಅಂತ ಅವರು, ಅವರು ನೋಡ್ಕೋತಾರೆ ಅಂತ ಇವರು... ಮುಂದೇನಾಯಿತು ಅಂತ ನೀವೇ ಊಹಿಸಬಹುದು.

ವರ್ಷಗಳು ಉರುಳಿದವು, ಸಾಫ್ಟ್‌ವೇರ್ ಮಾತ್ರ ಮುಗಿಯಲಿಲ್ಲ. ಗುತ್ತಿಗೆಗೆ ತಿದ್ದುಪಡಿಗಳ ಮೇಲೆ ತಿದ್ದುಪಡಿ ಬಂದವು. ಇದರಲ್ಲಿ ನಿಜಕ್ಕೂ ಮನೆ ಮುರಿದದ್ದು 2006ರ ಹೊತ್ತಿಗೆ ಆದ ಒಂದು ತಿದ್ದುಪಡಿ. ಅಲ್ಲಿವರೆಗೆ ಇಷ್ಟು ಕೆಲಸಕ್ಕೆ ಇಷ್ಟು ದುಡ್ಡು ಅಂತ ಇದ್ದದ್ದು, ಕೆಲಸ ಮಾಡಿದ ಗಂಟೆಗೆ ಇಷ್ಟು ಅಂತ ಬದಲಾಯಿತು. ವೆಚ್ಚ ಮೀರಿದರೆ ಅದರ ಹೊರೆ ಮೊದಲು ಕಂಪನಿಯದ್ದಾಗಿತ್ತು. ಈಗ ನಗರದ್ದಾಯಿತು.

ಮನೆ ಕಟ್ಟಿಸಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಮೇಸ್ತ್ರಿಗೆ ಗುತ್ತಿಗೆ ಕೊಟ್ಟರೆ ಬೇಗ ಮುಗಿಸೋ ಆತುರದಲ್ಲಿ ಸಿಮೆಂಟಿಗೆ ಮರಳು ಹೆಚ್ಚು ಬೀಳುತ್ತೆ. ದಿನಗೂಲಿ ಕೊಟ್ಟರೆ ಗೋಡೆ ಮೇಲೇಳೋದೇ ಇಲ್ಲ. ದಿನಗೂಲಿ ಕೊಟ್ಟ ಮನೆ ಯಜಮಾನ ಕೊಡೆ ಹಿಡಿದು ದಿನಾ ಸೈಟಿನಲ್ಲೇ ನಿಂತಿರ್ತಾನೆ. ನ್ಯೂಯಾರ್ಕ್ ದಿನಗೂಲಿಯನ್ನೇನೋ ಒಪ್ಪಿಕೊಂಡಿತು, ಆದರೆ ಕೊಡೆ ಹಿಡಿದು ನಿಲ್ಲೋಕೂ ಇನ್ನೊಬ್ಬ ದಿನಗೂಲಿಯವನನ್ನೇ ಇಟ್ಟುಕೊಂಡಿತು. ಅವನ ಹೆಸರು ಮಾರ್ಕ್ ಮೇಜರ್. ನಗರದ ನೌಕರನಲ್ಲ, ಸ್ಫೀರಿಯನ್ ಮೂಲಕ ಬಂದ ಕನ್ಸಲ್ಟೆಂಟ್. ಯೋಜನೆಗೆ ಎಷ್ಟು ಜನ ಬೇಕು, ಎಷ್ಟು ಗಂಟೆ ಬೇಕು ಅನ್ನೋದರಲ್ಲಿ ಅವನ ಮಾತೇ ನಡೆಯುತ್ತಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಎಸ್‌ಎಐಸಿ ಅಡಿಯಲ್ಲಿ ಟೆಕ್ನೋಡೈನ್ ಅನ್ನೋ ಉಪಗುತ್ತಿಗೆ ಕಂಪನಿ ಕನ್ಸಲ್ಟೆಂಟುಗಳನ್ನು ಒದಗಿಸುತ್ತಿತ್ತು. ಆ ಕನ್ಸಲ್ಟೆಂಟುಗಳು ಕೆಲಸ ಮಾಡಿದ ಪ್ರತಿ ಗಂಟೆಗೂ ಎಸ್‌ಎಐಸಿಯ ಪ್ರಾಜೆಕ್ಟ್ ಮ್ಯಾನೇಜರ್ ಜೆರಾರ್ಡ್ ಡೆನೋಗೆ ಇಷ್ಟು ಅಂತ ಗುಟ್ಟಾಗಿ ಪಾಲು ಹೋಗುತ್ತಿತ್ತು. ಮೇಜರನಿಗೆ ಸಂದಾಯವಾದದ್ದು ಎರಡೂವರೆ ಕೋಟಿ ಡಾಲರಿಗೂ ಹೆಚ್ಚು. ಅಂದಮೇಲೆ ಕೆಲಸ ಬೇಗ ಮುಗಿದರೆ ಯಾರಿಗೆ ಲಾಭ? ಜನ ಹೆಚ್ಚಿದಷ್ಟೂ, ಗಂಟೆ ಹೆಚ್ಚಿದಷ್ಟೂ, ವರ್ಷ ಹೆಚ್ಚಿದಷ್ಟೂ ಒಳ್ಳೆಯದು.

ಹಾಗಾದರೆ ಇದು ಯಾರಿಗೂ ಕಾಣಲಿಲ್ಲವೇ? ಕಂಡಿತ್ತು. ನಗರದ ತಾಂತ್ರಿಕ ನೌಕರರ ಯೂನಿಯನ್ ಮೊದಲಿನಿಂದಲೂ ಕೂಗಾಡುತ್ತಿತ್ತು. ಇಂಜಿನಿಯರುಗಳು, ಆರ್ಕಿಟೆಕ್ಟುಗಳು ಬೆಳಿಗ್ಗೆ ಬಂದು ಯಂತ್ರದ ಮೇಲೆ ಅಂಗೈ ಇಟ್ಟು ಹಾಜರಿ ಹಾಕಬೇಕು ಅಂದಾಗ ಅವರಿಗೆ ರೇಗಿಹೋಗಿತ್ತು. ನಮ್ಮನ್ನು ಕಳ್ಳರ ಥರ ನೋಡ್ತೀರಲ್ಲ, ಆ ಕನ್ಸಲ್ಟೆಂಟುಗಳ ಬಿಲ್ಲು ಯಾರು ನೋಡ್ತಾರೆ ಅನ್ನೋದು ಅವರ ಪ್ರಶ್ನೆ. ಆದರೆ ಅಂಗೈ ಇಡೋಕೆ ಒಪ್ಪದವರ ಮಾತು ಹಾಜರಿ ತಪ್ಪಿಸಿಕೊಳ್ಳೋರ ನೆಪದಂತೆ ಕೇಳಿಸೋದು ಸಹಜ ತಾನೇ?

ಅವರ ಮಾತಿಗೆ ಕಿವಿಗೊಟ್ಟವರು ಡೈಲಿ ನ್ಯೂಸ್ ಪತ್ರಿಕೆಯ ಅಂಕಣಕಾರ ಹುವಾನ್ ಗೊನ್ಸಾಲೆಸ್. ಸುಮಾರು 230 ಕನ್ಸಲ್ಟೆಂಟುಗಳಿಗೆ ತಲಾ ವರ್ಷಕ್ಕೆ ಸರಾಸರಿ 4 ಲಕ್ಷ ಡಾಲರ್ ಹೋಗುತ್ತಿದೆ ಅಂತ ಅವರು ಬರೆದರು. ಬರೀತಾನೇ ಹೋದರು. ಈ ಅಂಕಣಗಳಿಗೆ ಮುಂದೆ ಪೋಲ್ಕ್ ಪ್ರಶಸ್ತಿಯೂ ಬಂತು. 2010ರಲ್ಲಿ ಹೊಸ ಕಂಟ್ರೋಲರ್ ಜಾನ್ ಲಿಯು ಕಚೇರಿಯ ಆಡಿಟ್ ವರದಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಫೆಡರಲ್ ಪ್ರಾಸಿಕ್ಯೂಟರ್ ಪ್ರೀತ್ ಭರಾರಾ ಮೊದಲ ಕೇಸು ಹಾಕಿದರು.

ಆಗ ಹೇಳಿದ ವಂಚನೆಯ ಮೊತ್ತ 8 ಕೋಟಿ ಡಾಲರ್. ತನಿಖೆ ಮುಂದುವರಿದ ಹಾಗೆ ಅದೂ ಯೋಜನೆಯ ಥರಾನೇ ಬೆಳೆಯಿತು. 2011ರ ಜೂನ್ ಹೊತ್ತಿಗೆ, ಎಸ್‌ಎಐಸಿಗೆ ಕೊಟ್ಟ 60 ಕೋಟಿಗೂ ಹೆಚ್ಚಿನ ಡಾಲರಿನಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ವಂಚನೆಯ ಕಲೆ ಅಂಟಿದೆ ಅಂತ ಪ್ರಾಸಿಕ್ಯೂಟರುಗಳು ಹೇಳಿದರು. ಯೋಜನೆಯ ಒಟ್ಟು ಖರ್ಚು ಸುಮಾರು 70 ಕೋಟಿ, ಅಂದರೆ ಅಂದಾಜಿನ ಹನ್ನೊಂದು ಪಟ್ಟು. ಇದೇ ವರ್ಷ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಬಜೆಟ್ಟಿನಲ್ಲಿ ದುಡ್ಡಿಲ್ಲ ಅಂತ ಸಾವಿರಾರು ಶಾಲಾ ಶಿಕ್ಷಕರನ್ನು ಮನೆಗೆ ಕಳಿಸೋ ಪ್ರಸ್ತಾಪ ಮುಂದಿಟ್ಟಿದ್ದರು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಅಂದ ಹಾಗೆ, ಈ ಕಥೆಗೆ ನಮ್ಮ ದೇಶದ ಒಂದು ಎಳೆಯೂ ಇದೆ. ಟೆಕ್ನೋಡೈನ್ ಮಾಲೀಕ ದಂಪತಿಗಳ ಮೇಲೂ ಆರೋಪಪಟ್ಟಿ ಬಂತು. ಅವರು ಅಷ್ಟರಲ್ಲಾಗಲೇ ಭಾರತಕ್ಕೆ ಹೋಗಿಬಿಟ್ಟಿದ್ದಾರೆ ಅಂತ ಪ್ರಾಸಿಕ್ಯೂಟರುಗಳು ಹೇಳಿದರು.

ನಗರದ ಅದೃಷ್ಟಕ್ಕೆ ದುಡ್ಡು ಬಹುಪಾಲು ವಾಪಸ್ ಬಂತು. 2012ರ ಮಾರ್ಚಿನಲ್ಲಿ ಎಸ್‌ಎಐಸಿ 50 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು, ಅದರಲ್ಲಿ ಸುಮಾರು 46 ಕೋಟಿ ನ್ಯೂಯಾರ್ಕಿಗೆ. 2013ರ ನವೆಂಬರಿನಲ್ಲಿ ಮೇಜರ್, ಡೆನೋ ಮತ್ತು ಇನ್ನೊಬ್ಬ ಅಪರಾಧಿಗಳೆಂದು ತೀರ್ಮಾನವಾಗಿ, 2014ರಲ್ಲಿ ಮೂವರಿಗೂ ತಲಾ 20 ವರ್ಷ ಜೈಲಾಯಿತು. ಸಾಫ್ಟ್‌ವೇರ್ ಕೂಡ ಕೊನೆಗೂ ಕೆಲಸ ಮಾಡಿತು.

ಇದನ್ನು ನಾಲ್ಕು ಕಳ್ಳರ ಕಥೆ ಅಂತ ಓದಿ ಮರೆಯೋದು ಸುಲಭ. ನನಗೆ ಹಾಗನಿಸೋದಿಲ್ಲ. ಕಳ್ಳರು ಒಳಗೆ ಬರೋ ಮೊದಲು ಬಾಗಿಲು ತೆಗೆದಿಟ್ಟದ್ದು ಕಾನೂನುಬದ್ಧವಾಗಿಯೇ ಸಹಿಯಾದ ಒಂದು ತಿದ್ದುಪಡಿ. ಇವರೆಲ್ಲ ಪ್ರಾಮಾಣಿಕರೇ ಆಗಿದ್ದರೂ, ಮುಗಿಸೋಕೆ ಯಾರಿಗೂ ಅವಸರವಿಲ್ಲದ ಆ ಕೆಲಸ 6 ಕೋಟಿಗೆ ಮುಗೀತಿತ್ತು ಅಂತ ನಂಬೋದು ಕಷ್ಟ. ನಗರದ ಒಳಗೇ ಆ ಕೆಲಸ ಬಲ್ಲ ನಾಲ್ಕು ಜನರನ್ನು ಖಾಯಂ ಸಂಬಳಕ್ಕೆ ಇಟ್ಟುಕೊಂಡು, ಕನ್ಸಲ್ಟೆಂಟುಗಳ ಬಿಲ್ಲು ಅವರ ಕೈದಾಟಿಯೇ ಹೋಗುವಂತೆ ಮಾಡಿದ್ದರೆ ಅವರ ಸಂಬಳಕ್ಕೆ ಎಷ್ಟಾಗುತ್ತಿತ್ತು? ಆ ದುಡ್ಡು ಉಳಿಸಲು ಹೋಗಿಯೇ ಇಷ್ಟೆಲ್ಲ ಆದದ್ದು. ಇನ್ನು ಮುಂದೆ ಯಾವುದಾದರೂ ಊರಿನ ಯೋಜನೆಗೆ ಕನ್ಸಲ್ಟೆಂಟ್ ವೆಚ್ಚ ಏರಿತು ಅಂತ ಸುದ್ದಿ ಬಂದರೆ, ಎಷ್ಟು ಏರಿತು ಅನ್ನೋದಕ್ಕಿಂತ ಮೊದಲು ಅವರ ಗಂಟೆಗಳಿಗೆ ಸಹಿ ಹಾಕುವವರು ಯಾರ ಸಂಬಳದಲ್ಲಿದ್ದಾರೆ ಅಂತ ನೋಡಿ.