ಮೂರು ಊರಿನ ಕಥೆ, ನೀಲಗಾರರ ದನಿ

ಮದ್ದೂರಿನ ನಿಡಘಟ್ಟ ಈಗ ಬೆಂಗಳೂರು–ಮೈಸೂರು ಹೆದ್ದಾರಿಯ ಊರು. ಜನಪದ ಗುರು ಮಂಟೇಸ್ವಾಮಿಯ ಪರಂಪರೆಯ ಗಾಯಕರಾದ ನೀಲಗಾರರು ಹಾಡುವ ಕಥೆಯಲ್ಲಿ ಅದು ಪಾಂಚಾಳರ, ಅಂದರೆ ಕಮ್ಮಾರ ಮೊದಲಾದ ಕುಶಲಕರ್ಮಿಗಳ ಊರು. ಅಲ್ಲಿನ ಕೆಂಪಾಚಾರಿಯನ್ನೇ ಮಂಟೇಸ್ವಾಮಿ ತನಗೆ ಶಿಷ್ಯನಾಗಿ ಕೊಡಿ ಎಂದು ಹೆತ್ತವರನ್ನು ಕೇಳುತ್ತಾನೆ, ಅವರು ಒಲ್ಲೆವೆನ್ನುತ್ತಾರೆ. ಕೊನೆಗೆ ಗುರುವಿನ ಹಿಂದೆ ಹೊರಟ ಹುಡುಗ ಸಿದ್ದಪ್ಪಾಜಿಯಾಗುತ್ತಾನೆ. ಮಠಕ್ಕೆ ಕಬ್ಬಿಣದ ಭಿಕ್ಷೆ ತರಲು ಅವನು ಹೋಗುವುದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ. ಗುರು ಐಕ್ಯನಾದದ್ದು ಅದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ.

ಕಥೆಯ ಒಂದೊಂದು ಭಾಗಕ್ಕೂ ‘ಸಾಲು’ ಎಂದೇ ಹೆಸರು: ಕಲ್ಯಾಣದ ಸಾಲು, ನಿಡಘಟ್ಟದ ಸಾಲು, ಹಲಗೂರಿನ ಸಾಲು. ಮುಖ್ಯ ಗಾಯಕನ ಒಂದು ಕೈ ತಂಬೂರಿ ಮೀಟುತ್ತಿದ್ದರೆ ಇನ್ನೊಂದರಲ್ಲಿ ಗಗ್ಗರ. ಪಕ್ಕದಲ್ಲಿ ದಮ್ಮಡಿ, ತಾಳ. ಒಂದಷ್ಟು ಹೊತ್ತು ಹಾಡು, ಮತ್ತೊಂದಷ್ಟು ಹೊತ್ತು ಮಾತು. ಮಾತಿನ ಕೊನೆಯನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ, ಬೆಳಗಿನ ಜಾವದವರೆಗೂ.

ಬೊಪ್ಪೇಗೌಡನಪುರದ ಮಠದ ಗದ್ದುಗೆ ಅರಸು ಮನೆತನದ್ದು. ಹಾಡಿನ ಹೊಣೆ ಹೊತ್ತವರಲ್ಲಿ ಹೆಚ್ಚಿನವರು ದಲಿತರು ಮತ್ತು ಇತರ ದುಡಿಯುವ ಜಾತಿಗಳವರು. ಕಲ್ಯಾಣದಲ್ಲಿ ಬಸವಣ್ಣನ ಶರಣರನ್ನೇ ಪರೀಕ್ಷೆಗೆ ಒಡ್ಡುವ ಗುರುವಿನ ಕಥೆ ಇಂಥವರ ಬಾಯಲ್ಲಿ ಉಳಿದದ್ದು ಆಕಸ್ಮಿಕವಲ್ಲ.

ವಿದ್ವಾಂಸರು ಈ ಕಥೆಯನ್ನು ಬರಹಕ್ಕಿಳಿಸಿದ್ದು ತಡವಾಗಿ. ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ಮಂಟೇಸ್ವಾಮಿ ಮಹಾಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಎಚ್.ಎಸ್. ಶಿವಪ್ರಕಾಶ್ ಇದೇ ಕಥೆಯಿಂದ ನಾಟಕ ಕಟ್ಟಿದರು.

ಆದರೆ ಹೊಲ, ಹಟ್ಟಿ, ಟೀ ಅಂಗಡಿಗಳಿಗೆ ಈ ದನಿ ತಲುಪಿದ್ದು ಪುಸ್ತಕದಿಂದಲ್ಲ, ಕ್ಯಾಸೆಟ್ಟಿನಿಂದ. ಗಾಯಕ ಮಳವಳ್ಳಿ ಮಹದೇವಸ್ವಾಮಿ ಎಂದರೆ ಈ ಸೀಮೆಯಲ್ಲಿ ಪರಿಚಯ ಬೇಕಿಲ್ಲ. ಮಾದೇಶ್ವರನ ಕಥೆ, ಸಿದ್ದಪ್ಪಾಜಿಯ ಕಥೆ ಅವರ ಕಂಠದಲ್ಲಿ ಮನೆಮನೆಗೆ ಬಂದವು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ರಾತ್ರಿಯಿಡೀ ಹರಿಯುವ ಸಾಲನ್ನು ಕ್ಯಾಸೆಟ್ಟಿನ ಎರಡು ಮಗ್ಗುಲಿಗೆ ಹಿಡಿಸಬೇಕು. ಎದುರು ಕೂತವರ ಮುಖ ನೋಡಿ ಕಥೆ ಹಿಗ್ಗಿಸುವ ಸ್ವಾತಂತ್ರ್ಯ ಅಲ್ಲಿಲ್ಲ. ಹಾಗಿದ್ದರೂ ಜಾತ್ರೆಗೆ ಹೋಗಲಾಗದ ಎಷ್ಟೋ ಮಂದಿಗೆ ಮಂಟೇಸ್ವಾಮಿ ಸಿಕ್ಕಿದ್ದು ಆ ಟೇಪಿನಲ್ಲೇ. ಕಳೆದುಕೊಂಡದ್ದಕ್ಕಿಂತ ಪಡೆದದ್ದೇ ಹೆಚ್ಚು.

ಪುಷ್ಯ ಮಾಸದ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ಸೇರುತ್ತದೆ, ನೀಲಗಾರರು ಅಲ್ಲಿ ಈಗಲೂ ಹಾಡುತ್ತಾರೆ. ಮಂಡ್ಯ ಜಿಲ್ಲೆಯ ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಅವರನ್ನು ಕರೆಸಿ, ತಕ್ಕ ಸಂಭಾವನೆ ಕೊಟ್ಟು, ಹತ್ತು ನಿಮಿಷದ ಸ್ವಾಗತಗೀತೆಯನ್ನಲ್ಲ, ಹಲಗೂರಿನ ಸಾಲನ್ನು ಪೂರ್ತಿ ಹಾಡಿಸಲಿ.