ದೀಪನೌಕೆಯಿಂದ ಬದಲಿ ಕಾರಿನವರೆಗೆ

ನಮ್ಮ ಸಂಘದ ಸದಸ್ಯರ ಮಕ್ಕಳು ಇಂಗ್ಲೆಂಡಿನಲ್ಲಿ ನೆಲೆಸಿರುವುದು ಈಗ ಹೊಸ ಸಂಗತಿಯೇನಲ್ಲ. ಅಲ್ಲಿಂದ ಬರುವ ಸುದ್ದಿಗಳ ನಡುವೆ ಒಮ್ಮೊಮ್ಮೆ ಒಂದು ಮಾತು ನಮ್ಮನ್ನು ಬೆರಗುಗೊಳಿಸುತ್ತದೆ. "ಹಿಂದಿನಿಂದ ಬಂದವನು ಗುದ್ದಿದ, ನಮ್ಮ ತಪ್ಪೇನೂ ಇರಲಿಲ್ಲ. ಗಾಡಿ ಗ್ಯಾರೇಜಿನಲ್ಲಿದೆ, ಅದು ಬರುವ ತನಕ ಓಡಾಡಲು ಬೇರೊಂದು ಕಾರು ಕೊಟ್ಟಿದ್ದಾರೆ" ಎನ್ನುತ್ತಾರೆ. ಇಲ್ಲಿ ಗುದ್ದಿಸಿಕೊಂಡವರು ಪೊಲೀಸ್ ಠಾಣೆ, ಸರ್ವೇಯರು, ಗ್ಯಾರೇಜು ಎಂದು ಮೂರು ದಿಕ್ಕಿಗೆ ಅಲೆಯುತ್ತ, ಕಚೇರಿಗೆ ಸಿಟಿ ಬಸ್ಸಿನಲ್ಲಿ ಜೋತುಬಿದ್ದು ಹೋಗುವುದನ್ನು ಕಂಡಿರುವ ನಮಗೆ ಇದು ಕಟ್ಟುಕಥೆಯಂತೆಯೇ ಕೇಳಿಸುತ್ತದೆ. ಅಲ್ಲಿ ಅದಕ್ಕೆ 'ಕರ್ಟಸಿ ಕಾರು' ಎಂದು ಹೆಸರು. ಸೌಜನ್ಯದ ಕಾರು ಎನ್ನಬಹುದು. ಹೆಸರು ಕೇಳಿದರೆ ವಿಮಾ ಕಂಪನಿಗಳ ಔದಾರ್ಯವೆಂದೇ ತೋರುತ್ತದೆ. ಚರಿತ್ರೆಯನ್ನು ಕೆದಕಿದರೆ ಔದಾರ್ಯದ ಪಾಲು ಬಹಳ ಸ್ವಲ್ಪವೆಂದೂ, ನೂರು ವರ್ಷಕ್ಕೂ ಮಿಕ್ಕಿದ ವ್ಯಾಜ್ಯಗಳ ಪಾಲೇ ಹೆಚ್ಚೆಂದೂ ತಿಳಿದುಬರುತ್ತದೆ.

ಈ ಕಥೆಯ ಮೂಲ ರಸ್ತೆಯಿಂದ ದೂರ, ನೀರಿನಲ್ಲಿದೆ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಮರ್ಸಿ ನದಿಯ ಮುಖದಲ್ಲಿದೆ. ಅದನ್ನು ನೋಡಿಕೊಳ್ಳುತ್ತಿದ್ದುದು ಮರ್ಸಿ ಡಾಕ್ಸ್ ಅಂಡ್ ಹಾರ್ಬರ್ ಬೋರ್ಡು. ನಮ್ಮಲ್ಲಿ ಹಿಂದೆ ಇದ್ದ ಪೋರ್ಟ್ ಟ್ರಸ್ಟುಗಳಂತೆ ಇದೂ ಲಾಭಕ್ಕಾಗಿ ವ್ಯಾಪಾರ ಮಾಡುವ ಸಂಸ್ಥೆಯಾಗಿರಲಿಲ್ಲ. ಬೋರ್ಡಿನ ಹೂಳೆತ್ತುವ ಹಡಗೊಂದಕ್ಕೆ 'ಗ್ರೆಟಾ ಹೋಮ್' ಎಂಬ ಹಡಗು ಡಿಕ್ಕಿ ಹೊಡೆಯಿತು. ರಿಪೇರಿಯ ಹಣ ಕೊಡುವುದರಲ್ಲಿ ತಕರಾರಿರಲಿಲ್ಲ. ಆದರೆ ರಿಪೇರಿಯಾಗುವ ತನಕ ಹಡಗು ಕೆಲಸಕ್ಕೆ ಬಾರದೆ ನಿಂತಿತಲ್ಲ, ಅದಕ್ಕೂ ಪರಿಹಾರ ಬೇಕೆಂದು ಬೋರ್ಡು ಕೇಳಿತು. ಎದುರು ಪಕ್ಷದವರ ವಾದ ಹೀಗಿತ್ತು: ಈ ಹಡಗಿನಿಂದ ನಿಮಗೆ ಸಂಪಾದನೆಯೇ ಇಲ್ಲ, ಸಂಪಾದನೆ ಇಲ್ಲದ ಮೇಲೆ ನಷ್ಟವೆಲ್ಲಿ ಬಂತು? 1897ರಲ್ಲಿ ಈ ವಾದವನ್ನು ಆಗ ಆ ದೇಶದ ಅತ್ಯುಚ್ಚ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆ ತಳ್ಳಿಹಾಕಿತು. ಲಾಭ ಬರಲಿ ಬಿಡಲಿ, ಒಂದು ವಸ್ತುವಿನ ಬಳಕೆ ತಪ್ಪಿಹೋಗುವುದೇ ಒಂದು ನಷ್ಟ ಎಂದಾಯಿತು.

ಮೂರು ವರ್ಷ ಕಳೆಯುವುದರೊಳಗೆ ಇನ್ನೂ ಬಿಗಿಯಾದ ಪ್ರಶ್ನೆ ಎದುರಾಯಿತು. ಅದೇ ಬೋರ್ಡಿನ 'ಕಾಮೆಟ್' ಎಂಬ ದೀಪನೌಕೆಗೆ, ಅಂದರೆ ಹಡಗುಗಳಿಗೆ ದಾರಿ ತೋರಲು ದೀಪ ಹೊತ್ತು ಒಂದೇ ಕಡೆ ಲಂಗರು ಹಾಕಿ ನಿಲ್ಲುವ ನೌಕೆಗೆ, 'ಮೀಡಿಯಾನಾ' ಎಂಬ ಹಡಗು ಗುದ್ದಿತು. ಬೋರ್ಡಿನವರು ಮುಂದಾಲೋಚನೆಯುಳ್ಳವರು. ಇಂಥ ಸಂದರ್ಭಕ್ಕೆಂದೇ 'ಓರಾಯನ್' ಎಂಬ ಇನ್ನೊಂದು ನೌಕೆಯನ್ನು ಸಿದ್ಧವಾಗಿಟ್ಟಿದ್ದರು. ಅದನ್ನು ತಂದು ನಿಲ್ಲಿಸಿದರು, ದೀಪ ಎಂದಿನಂತೆ ಉರಿಯಿತು. ಕೈಯಿಂದ ಹೊಸದಾಗಿ ಒಂದು ಕಾಸೂ ಖರ್ಚಾಗದಿರುವಾಗ ಪರಿಹಾರ ಏತಕ್ಕೆ ಎಂದು ಮತ್ತೆ ವಾದ. 1900ರಲ್ಲಿ ತೀರ್ಪು ನೀಡುತ್ತ ಲಾರ್ಡ್ ಹಾಲ್ಸ್‌ಬರಿ ಒಂದು ಕುರ್ಚಿಯ ದೃಷ್ಟಾಂತ ಕೊಟ್ಟರು. ನನ್ನ ಕೋಣೆಯ ಕುರ್ಚಿಯೊಂದನ್ನು ಯಾರೋ ಹೊತ್ತೊಯ್ದು ವರ್ಷವಿಡೀ ಇಟ್ಟುಕೊಂಡರೆ, ನಾನು ಅದರ ಮೇಲೆ ಕೂರುವ ರೂಢಿಯಿರಲಿಲ್ಲವೆಂದೋ, ಕೋಣೆಯಲ್ಲಿ ಬೇರೆ ಕುರ್ಚಿಗಳಿದ್ದವೆಂದೋ ಹೇಳಿ ಅವನು ಪಾರಾಗಬಹುದೇ ಎಂದು ಅವರು ಕೇಳಿದರು. ಬೋರ್ಡಿಗೆ ಪರಿಹಾರ ಸಿಕ್ಕಿತು. ವಿಜ್ಞಾನ ಓದಿ ಕಾನೂನಿನ ಗಂಧ ತಿಳಿಯದ ನಮ್ಮಂಥವರಿಗೂ ಈ ಕುರ್ಚಿ ಥಟ್ಟನೆ ಅರ್ಥವಾಗುತ್ತದೆ. ಇಂದು ಇಂಗ್ಲೆಂಡಿನ ರಸ್ತೆಗಳಲ್ಲಿ ಓಡುವ ಬದಲಿ ಕಾರುಗಳೆಲ್ಲ ಈ ತತ್ತ್ವದ ಸಂತಾನವೇ. ನಿನ್ನಿಂದಾಗಿ ನನ್ನ ಗಾಡಿ ನಿಂತಿದೆ, ಆದ್ದರಿಂದ ನಾನು ಬಾಡಿಗೆಗೆ ತೆಗೆದುಕೊಂಡ ಗಾಡಿಯ ಖರ್ಚು ನಿನ್ನದು.

ತತ್ತ್ವವೇನೋ ಸರಿ, ಬಾಡಿಗೆ ಹಣವನ್ನು ಮೊದಲು ಕೊಡುವವರಾರು? ಇಲ್ಲಿಯೇ ಬಡವನಿಗೆ ಪೆಟ್ಟು ಬಿದ್ದದ್ದು. 1928ರ ನವೆಂಬರಿನಲ್ಲಿ ಗ್ರೀಸ್ ದೇಶದ ಪಾತ್ರಾಸ್ ಬಂದರಿನಲ್ಲಿ 'ಲೀಸ್‌ಬಾಷ್' ಎಂಬ ಹೂಳೆತ್ತುವ ಹಡಗನ್ನು 'ಎಡಿಸನ್' ಎಂಬ ಹಡಗು ಲಂಗರಿನ ಸಮೇತ ಎಳೆದುಕೊಂಡು ಹೋಗಿ ಮುಳುಗಿಸಿತು. ಒಡೆಯರು ಬಂದರಿನ ಕೆಲಸವನ್ನು ಗುತ್ತಿಗೆ ಹಿಡಿದಿದ್ದರು. ಕೆಲಸ ನಿಲ್ಲಿಸುವಂತಿಲ್ಲ, ಹೊಸ ಹಡಗು ಕೊಳ್ಳಲು ಕೈಯಲ್ಲಿ ಹಣವಿಲ್ಲ. ವಿಧಿಯಿಲ್ಲದೆ ದುಬಾರಿ ಬಾಡಿಗೆಗೆ ಬೇರೊಂದು ಹಡಗನ್ನು ತಂದರು. 1933ರಲ್ಲಿ ಲಾರ್ಡ್ಸ್ ಸಭೆ ಮಾರುಕಟ್ಟೆಯಲ್ಲಿ ಅಂಥದೇ ಹಡಗಿನ ಬೆಲೆಯನ್ನೂ, ಅದು ಬಂದು ಕೆಲಸಕ್ಕೆ ನಿಲ್ಲುವ ತನಕದ ನಷ್ಟವನ್ನೂ ಕೊಡಿಸಿತು. ಆದರೆ ಹಣವಿಲ್ಲದ ಕಾರಣಕ್ಕೆ ಆದ ಹೆಚ್ಚುವರಿ ಖರ್ಚನ್ನು ಮಾತ್ರ ಕೊಡಿಸಲಿಲ್ಲ. ನಿಮ್ಮ ಬಡತನ ನಿಮ್ಮದು, ಗುದ್ದಿದವನು ಅದಕ್ಕೆ ಹೊಣೆಯಲ್ಲ ಎಂಬುದು ಅದರ ತಾತ್ಪರ್ಯ. ಈ ಮಾತು ಎಪ್ಪತ್ತು ವರ್ಷ ಆ ದೇಶದ ನ್ಯಾಯಾಲಯಗಳಲ್ಲಿ ನೆಲೆಯೂರಿ ಕುಳಿತಿತು.

ಅಷ್ಟರಲ್ಲಿ ರಸ್ತೆಯ ಮೇಲೆ ಮೋಟಾರುಗಳು ತುಂಬಿದ್ದವು. 1930ರ ರಸ್ತೆ ಸಂಚಾರ ಕಾಯ್ದೆ ಬ್ರಿಟನ್ನಿನಲ್ಲಿ ಮೂರನೆಯ ಪಕ್ಷದ ವಿಮೆಯನ್ನು ಕಡ್ಡಾಯ ಮಾಡಿತು. ಅದು ಸಾವು ನೋವುಗಳಿಗೆ ಸಂಬಂಧಿಸಿದ್ದು. ಪರರ ಆಸ್ತಿಯ ಹಾನಿಗೂ ವಿಮೆ ಇರಲೇಬೇಕೆಂಬ ನಿಯಮ ಬಂದದ್ದು 1988ರ ಕೊನೆಗೆ, ಅದೂ ಯುರೋಪಿನ ಒಕ್ಕೂಟದ ಆದೇಶದಿಂದ. ಈ ನಡುವೆ ವಿಮಾ ಕಂಪನಿಗಳು ತಮ್ಮೊಳಗೇ ಒಂದು ಒಡಂಬಡಿಕೆ ಮಾಡಿಕೊಂಡಿದ್ದವು: ತಪ್ಪು ಯಾರದೇ ಇರಲಿ, ನಿಮ್ಮ ಗಿರಾಕಿಯ ಗಾಡಿಯನ್ನು ನೀವು ರಿಪೇರಿ ಮಾಡಿಸಿ, ನಮ್ಮವನದನ್ನು ನಾವು. ಕಂಪನಿಗಳಿಗೆ ಇದರಿಂದ ಕಾಗದದ ಕೆಲಸ ಉಳಿಯಿತು. ಆದರೆ ಗಾಡಿಯಿಲ್ಲದೆ ಕಳೆದ ದಿನಗಳ ಲೆಕ್ಕ ಈ ಒಡಂಬಡಿಕೆಯಲ್ಲಿ ಇರಲಿಲ್ಲ. ಅದನ್ನು ಬೇಕಾದರೆ ಸ್ವಂತ ಖರ್ಚಿನಲ್ಲಿ ಕೋರ್ಟಿಗೆ ಹೋಗಿ ಗಿಟ್ಟಿಸಿಕೊಳ್ಳಬೇಕು. ನೂರಿನ್ನೂರು ಪೌಂಡಿಗಾಗಿ ಯಾರು ಹೋದಾರು?

ಈ ಸಂದಿಯನ್ನು ಕಂಡುಹಿಡಿದು ಒಳಹೊಕ್ಕವರು ಸಾಲದ ಬಾಡಿಗೆ ಕಾರಿನ ಕಂಪನಿಗಳು. ಅವರ ಮಾತು ಸರಳವಾಗಿತ್ತು. ತಪ್ಪು ನಿಮ್ಮದಲ್ಲ ತಾನೆ? ಕಾರು ತೆಗೆದುಕೊಂಡು ಹೋಗಿ, ಈಗ ಹಣ ಬೇಡ. ನಿಮ್ಮ ಹೆಸರಿನಲ್ಲಿ ನಾವೇ ದಾವೆ ಹೂಡಿ ಗುದ್ದಿದವನ ವಿಮೆಯಿಂದ ವಸೂಲು ಮಾಡಿಕೊಳ್ಳುತ್ತೇವೆ. ವಿಮಾ ಕಂಪನಿಗಳು ಕೆರಳಿದವು. ಪರರ ವ್ಯಾಜ್ಯಕ್ಕೆ ಬಂಡವಾಳ ಹೂಡಿ ಪಾಲು ಪಡೆಯುವುದು ಕಾನೂನಿಗೆ ವಿರುದ್ಧ ಎಂಬ ಹಳೆಯ ಅಸ್ತ್ರವನ್ನು ಹೊರತೆಗೆದವು. 1993ರಲ್ಲಿ ಲಾರ್ಡ್ಸ್ ಸಭೆ ಅದನ್ನು ಒಪ್ಪಲಿಲ್ಲ, ಈ ವ್ಯವಹಾರದಲ್ಲಿ ಅಕ್ರಮವಿಲ್ಲವೆಂದಿತು. ಜೊತೆಗೆ ಒಂದು ಷರತ್ತು ಹಾಕಿತು: ಬದಲಿ ಕಾರಿನ ಅಗತ್ಯವಿತ್ತೆಂದು ಕೇಳುವವನೇ ತೋರಿಸಬೇಕು. ಆಸ್ಪತ್ರೆಯಲ್ಲಿ ಮಲಗಿದ್ದವನಿಗೆ ಕಾರು ಏತಕ್ಕೆ?

2000ದಲ್ಲಿ ಪಗಡೆ ತಿರುಗಿತು. ಒಬ್ಬ ಮಹಿಳೆಯ ಕಾರಿಗೆ ಹಿಂದಿನಿಂದ ಗುದ್ದಲಾಗಿತ್ತು. ರಿಪೇರಿಯ ದಿನಗಳಿಗೆ ಆಕೆ ಪಡೆದ ಬಾಡಿಗೆ ಕಾರಿನ ಬಿಲ್ಲು ಮುನ್ನೂರು ಚಿಲ್ಲರೆ ಪೌಂಡು. ಇಷ್ಟು ಚಿಕ್ಕ ಮೊತ್ತ ಅತ್ಯುಚ್ಚ ನ್ಯಾಯಪೀಠದವರೆಗೆ ಹೋಯಿತೆಂದರೆ, ಅದರ ಹಿಂದೆ ಸಾಲುಗಟ್ಟಿ ನಿಂತಿದ್ದ ಇಂಥವೇ ಬಿಲ್ಲುಗಳು ಎಷ್ಟೆಂದು ಊಹಿಸಬಹುದು. 'ಹಣ ಆಮೇಲೆ' ಎನ್ನುವುದೇ ಸಾಲ, ಸಾಲವೆಂದ ಮೇಲೆ 1974ರ ಗ್ರಾಹಕ ಸಾಲ ಕಾಯ್ದೆ ಹೇಳಿದ ವಿವರಗಳೆಲ್ಲ ಕರಾರು ಪತ್ರದಲ್ಲಿರಬೇಕು, ಇಲ್ಲಿ ಇಲ್ಲ, ಆದ್ದರಿಂದ ಆಕೆ ಕೊಡಬೇಕಾಗಿಲ್ಲ, ಆಕೆ ಕೊಡಬೇಕಿಲ್ಲದ್ದನ್ನು ಗುದ್ದಿದವನೂ ಕೊಡಬೇಕಿಲ್ಲ ಎಂದಾಯಿತು. ನಮೂನೆಯ ಒಂದು ಕಲಂ ತುಂಬದಿದ್ದರೆ ಅರ್ಜಿ ಹಿಂದಿರುಗುವುದನ್ನು ದಿನನಿತ್ಯ ನೋಡುವ ನಮ್ಮಂಥ ಗುಮಾಸ್ತರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅದೇ ತೀರ್ಪು ಇನ್ನೊಂದನ್ನೂ ಹೇಳಿತು. ಸಾಲ ಕೊಡುವುದು, ದಾವೆ ನಡೆಸುವುದು ಮುಂತಾದ ಸೇವೆಗಳ ಬೆಲೆಯನ್ನು ಬಾಡಿಗೆಯೊಳಗೆ ಸೇರಿಸುವಂತಿಲ್ಲ. ಪೇಟೆಯ ಮಾಮೂಲು ಬಾಡಿಗೆಯಷ್ಟೇ ಸಲ್ಲತಕ್ಕದ್ದು.

ಮಾಮೂಲು ಬಾಡಿಗೆಯನ್ನು ಮುಂಗಡವಾಗಿ ಕೊಡಲೂ ಗತಿಯಿಲ್ಲದವನ ಪಾಡೇನು? 2003ರ ಡಿಸೆಂಬರಿನಲ್ಲಿ ಈ ಪ್ರಶ್ನೆಗೆ ಉತ್ತರ ಬಂತು. ಕೆಲಸವಿಲ್ಲದ, ಆರೋಗ್ಯವೂ ಸರಿಯಿಲ್ಲದ ಒಬ್ಬನ ಬಳಿ ಹತ್ತು ವರ್ಷ ಹಳೆಯ ಫೋರ್ಡ್ ಗ್ರನಾಡಾ ಇತ್ತು. ನಿಲ್ಲಿಸಿದ್ದ ಆ ಗಾಡಿಗೆ ಇನ್ನೊಬ್ಬರು ಬಂದು ಗುದ್ದಿದರು. ಸಾಲದ ಬಾಡಿಗೆ ಕಾರಲ್ಲದೆ ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಐವರು ನ್ಯಾಯಾಧೀಶರಲ್ಲಿ ಮೂವರು ಅವನ ಪರ ನಿಂತರು. ತಪ್ಪು ಮಾಡಿದವನು, ತಾನು ಯಾರಿಗೆ ಗುದ್ದಿದನೋ ಅವನನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಕೊಳ್ಳಬೇಕು, ಅವನು ಬಡವನಾದರೆ ಬಡವನಾಗಿಯೇ ಎಂದರು. ಪಾತ್ರಾಸ್ ಬಂದರಿನಲ್ಲಿ ಮುಳುಗಿದ ಹಡಗಿನ ಆ ಹಳೆಯ ನಿಯಮ ಅಂದಿಗೆ ಮುಗಿಯಿತು. ನಮ್ಮ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯಲ್ಲಿ ಹೃದಯವಿರುವ ತೀರ್ಪೆಂದರೆ ಇದೊಂದೇ. ಆದರೆ ಬಡವನಿಗೆ ಪೂರ್ತಿ ಹಣ, ಉಳ್ಳವನಿಗೆ ಮಾಮೂಲು ಬಾಡಿಗೆ ಎಂದಾದ ಮೇಲೆ ಬಡತನವನ್ನು ರುಜುವಾತು ಮಾಡಬೇಕಲ್ಲ! ಬ್ಯಾಂಕಿನ ಲೆಕ್ಕಪತ್ರ, ಸಂಬಳದ ಚೀಟಿ ಎಲ್ಲವೂ ಕೋರ್ಟಿನ ಮೇಜಿಗೆ ಬಂದವು. ಆದಾಯದ ಪ್ರಮಾಣಪತ್ರಕ್ಕಾಗಿ ತಹಸೀಲ್ದಾರರ ಕಚೇರಿಯ ಮೆಟ್ಟಿಲು ಸವೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿಮಾ ಕಂಪನಿಗಳೂ ಸುಮ್ಮನೆ ಕೂರಲಿಲ್ಲ. 1999ರಲ್ಲಿಯೇ ಅವುಗಳ ಸಂಘವು ಬಾಡಿಗೆ ಕಂಪನಿಗಳೊಡನೆ ದರಗಳ ಬಗ್ಗೆ ಒಂದು ಒಪ್ಪಂದಕ್ಕೆ ಬಂದಿತ್ತು. ಇನ್ನೊಂದು ಉಪಾಯವೆಂದರೆ, ಗುದ್ದಿದವನ ವಿಮಾ ಕಂಪನಿಯೇ ನೇರವಾಗಿ ಗುದ್ದಿಸಿಕೊಂಡವನಿಗೆ ಕಾಗದ ಬರೆದು ಕಾರನ್ನು ತಾನೇ ಬಿಟ್ಟಿಯಾಗಿ ಕೊಡುತ್ತೇನೆಂದು ಹೇಳುವುದು. ಹಾಗೆ ಹೇಳಿದರೂ ಸಾಲದ ಕಾರನ್ನೇ ಹಿಡಿದವರ ಗತಿಯೇನು? ಆ ಕಾರು ಕಂಪನಿಗೆ ಎಷ್ಟಕ್ಕೆ ಬೀಳುತ್ತದೆಂದು ಕಾಗದದಲ್ಲಿ ತಿಳಿಸದಿದ್ದರೆ, ಅದನ್ನು ನಿರಾಕರಿಸಿದ್ದು ತಪ್ಪಾಗದೆಂದು 2009ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು.

ಈ ಖರ್ಚೆಲ್ಲ ಕೊನೆಗೆ ಯಾರ ತಲೆಗೆ? 2012ರಲ್ಲಿ ಅಲ್ಲಿನ ನ್ಯಾಯಯುತ ವ್ಯಾಪಾರ ಕಚೇರಿ ವಿಚಾರಣೆ ನಡೆಸಿತು. ಕಾರಿನ ಖರ್ಚನ್ನು ಕೊಡುವವನು ಒಬ್ಬ, ಆ ಖರ್ಚನ್ನು ಹಿಡಿತದಲ್ಲಿಡುವವನು ಇನ್ನೊಬ್ಬ ಆದುದರಿಂದ ಬದಲಿ ಕಾರು ಮತ್ತು ರಿಪೇರಿಗಳ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 22.5 ಕೋಟಿ ಪೌಂಡು ಹೆಚ್ಚುವರಿಯಾಗಿ ಖರ್ಚಾಗುತ್ತಿದೆಯೆಂದು ಅಂದಾಜು ಮಾಡಿತು. ಸ್ವಾರಸ್ಯದ ಸಂಗತಿ ಬೇರೆಯೇ ಇದೆ. ಬಿಲ್ಲು ಬಂದಾಗ ಗೋಳಿಡುವ ಕಂಪನಿಗಳೇ, ತಮ್ಮ ಗಿರಾಕಿಗೆ ಬೇರೆಯವರು ಗುದ್ದಿದಾಗ ಅವನನ್ನು ಬಾಡಿಗೆ ಕಂಪನಿಯತ್ತ ಕಳುಹಿಸಿ ದಳ್ಳಾಳಿ ಹಣ ಪಡೆಯುತ್ತಿದ್ದವು. ಎಲ್ಲರೂ ಎಲ್ಲರಿಂದ ಕಿತ್ತುಕೊಂಡು, ಎಲ್ಲರ ಕಂತೂ ಏರಿತು. ಬಾಡಿಗೆಗೆ ಮಿತಿ ಹಾಕುವ ಯೋಚನೆ ಮುಂದಿನ ವಿಚಾರಣೆಯಲ್ಲಿ ಬಂದರೂ, 2014ರ ಸೆಪ್ಟೆಂಬರಿನ ಅಂತಿಮ ವರದಿಯಲ್ಲಿ ಅದನ್ನು ಕೈಬಿಡಲಾಯಿತು.

ಹಾಗಾದರೆ ಮಕ್ಕಳು ಹೇಳುವ ಕಾರು ಯಾವುದು? ಎರಡು ಬಗೆಯೆಂದು ತಿಳಿದರೆ ಗೊಂದಲವಿಲ್ಲ. ತಮ್ಮದೇ ಪಾಲಿಸಿಯ ಮೇಲೆ, ಕಂಪನಿ ಗೊತ್ತುಮಾಡಿದ ಗ್ಯಾರೇಜು ರಿಪೇರಿಯ ದಿನಗಳಿಗೆ ಕೊಡುವುದು ನಿಜವಾದ ಕರ್ಟಸಿ ಕಾರು. ಸಾಮಾನ್ಯವಾಗಿ ಅದು ಚಿಕ್ಕ ಗಾಡಿ. ನಮ್ಮ ಗಾಡಿ ಪೂರ್ತಿ ನಜ್ಜುಗುಜ್ಜಾದರೆ ಅದು ಸಿಗದಿರುವುದೂ ಉಂಟು. ಎದುರಾಳಿಯ ವಿಮೆಯ ಲೆಕ್ಕಕ್ಕೆ ಬರೆದು, ನಮ್ಮ ಗಾಡಿಗೆ ಸರಿಸಮನಾದದ್ದನ್ನು ಕೊಡುವುದು ಸಾಲದ ಬಾಡಿಗೆ. ಎರಡನೆಯದಕ್ಕೆ ಸಹಿ ಮಾಡುವವರು, ಸಹಿ ತಮ್ಮದೆಂಬುದನ್ನು ಮರೆಯಬಾರದು. ತಪ್ಪು ಎದುರಿನವನದಲ್ಲವೆಂದು ತೀರ್ಮಾನವಾದರೆ ಬಿಲ್ಲು ಸಹಿ ಮಾಡಿದವರ ಬಾಗಿಲಿಗೇ ಬರಬಹುದು.

ನಮ್ಮ ದೇಶದ ಮಾತಿಗೆ ಬರೋಣ. ಇಲ್ಲಿ 'ನೋ ಫಾಲ್ಟ್' ಎಂಬ ಮಾತಿಗೆ ಅರ್ಥವೇ ಬೇರೆ. 1982ರ ಅಕ್ಟೋಬರ್ 1ರಿಂದ 1939ರ ಮೋಟಾರು ವಾಹನ ಕಾಯ್ದೆಗೆ ಸೇರಿದ 92ಎ ಕಲಮಿನಂತೆ, ತಪ್ಪು ಯಾರದೆಂದು ಕೇಳದೆಯೇ ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕಾಯಿತು. ಅದು ಜೀವಕ್ಕೆ ಸಂಬಂಧಿಸಿದ್ದು, ಗಾಡಿಗಲ್ಲ. ಪರರ ಆಸ್ತಿಯ ಹಾನಿಗೆ ಕಡ್ಡಾಯ ವಿಮೆಯ ಮಿತಿ 1969ರ ತಿದ್ದುಪಡಿಯಲ್ಲಿ 2,000 ರೂಪಾಯಿ, 1988ರ ಕಾಯ್ದೆಯಲ್ಲಿ 6,000. ಅದರಲ್ಲಿ ಬದಲಿ ಕಾರಿನ ಕನಸನ್ನು ಯಾರು ಕಂಡಾರು! 2002ರ ದರಪಟ್ಟಿಯಲ್ಲಿ ಖಾಸಗಿ ಕಾರಿಗೆ ಈ ರಕ್ಷಣೆ ಏಳೂವರೆ ಲಕ್ಷದವರೆಗೆ ಇತ್ತು. ಕಂತಿನಲ್ಲಿ ಸ್ವಲ್ಪ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಳ್ಳುವ ಸೌಲಭ್ಯವೂ ಇತ್ತು.

ಸ್ವಂತ ಹಾನಿಯ ಭಾಗದಲ್ಲಿ ಅದೇ ದರಪಟ್ಟಿಯ ಪಾಲಿಸಿ 'ಪರಿಣಾಮವಾಗಿ ಆಗುವ ನಷ್ಟ'ವನ್ನು ಸ್ಪಷ್ಟವಾಗಿ ಹೊರಗಿಟ್ಟಿತ್ತು. ಲಿವರ್‌ಪೂಲಿನ ಬೋರ್ಡು ಗೆದ್ದುಕೊಂಡದ್ದನ್ನು ನಮ್ಮ ಪಾಲಿಸಿ ಒಂದೇ ಸಾಲಿನಲ್ಲಿ ತಳ್ಳಿಬಿಟ್ಟಿತು. 2007ರಲ್ಲಿ ದರ ನಿಯಂತ್ರಣ ಸಡಿಲವಾದ ಮೇಲೆ ಬಂದ ಹೆಚ್ಚುವರಿ ರಕ್ಷಣೆಗಳಲ್ಲಿ ದಿನಭತ್ಯೆಯೂ ಒಂದು. ಅದರ ಕೆಳಗೆ ಸಾಮಾನ್ಯವಾಗಿ ಸಿಗುವುದು ಕಾರಲ್ಲ. ಗ್ಯಾರೇಜಿನಲ್ಲಿ ಗಾಡಿ ನಿಂತ ದಿನಗಳಿಗೆ, ಅದೂ ಇಷ್ಟೇ ದಿನಗಳಿಗೆಂದು ಮಿತಿ ಹಾಕಿದ ಒಂದು ಮೊತ್ತ. ಟಿ.ಎ., ಡಿ.ಎ. ಬಿಲ್ಲು ಬರೆದು ಅಭ್ಯಾಸವಿರುವ ನಮ್ಮವರಿಗೆ ಇದರ ಸ್ವರೂಪ ಪರಿಚಿತವೇ. ಮುಂದಿನ ಕಂತು ಕಟ್ಟುವ ಮೊದಲು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಎರಡು ಸಂಗತಿಗಳನ್ನು ಹುಡುಕಿ ನೋಡಬಹುದು: ಮೂರನೆಯ ಪಕ್ಷದ ಆಸ್ತಿಯ ಮಿತಿಯನ್ನು 6,000ಕ್ಕೆ ಇಳಿಸಲಾಗಿದೆಯೇ, ಮತ್ತು ದಿನಭತ್ಯೆ ಗಾಡಿ ನಿಂತ ಎಷ್ಟನೆಯ ದಿನದಿಂದ ಶುರುವಾಗುತ್ತದೆ.