ರಾಜೀವನಗರದಿಂದ ಗಂಗೋತ್ರಿಗೆ ಎರಡು ಬಸ್ಸು

ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯ ಬಗ್ಗೆ ಒಂದು ಲೇಖನ ಕೊಡಿ ಎಂದು ಸಂಚಿಕೆಯ ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಟಿಕೆಟ್ಟಿನ ಪ್ರಶ್ನೆ. ನಾನು ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ಒಂದು ಸಲ ಒಂಬತ್ತನೇ ತರಗತಿಯ ಮಕ್ಕಳನ್ನು ಮಾನಸಗಂಗೋತ್ರಿಗೆ ಕರೆದುಕೊಂಡು ಹೋಗಿದ್ದೆ. ಗೇಟಿನ ಹತ್ತಿರ ಬರುತ್ತಲೇ ಒಬ್ಬ ಹುಡುಗಿ ನನ್ನ ಸೆರಗು ಎಳೆದು, "ಮಿಸ್, ಒಳಗೆ ಹೋಗೋಕೆ ಟಿಕೆಟ್ ಎಷ್ಟು?" ಎಂದಳು. ಅರಮನೆಗೆ ಟಿಕೆಟ್, ಝೂಗೆ ಟಿಕೆಟ್. ದೊಡ್ಡ ಗೇಟು, ಒಳಗೆ ಮರಗಳು ಇದ್ದರೆ ಟಿಕೆಟ್ ಇರಲೇಬೇಕು ಎಂಬುದು ಅವಳ ಲೆಕ್ಕ. "ಟಿಕೆಟ್ ಇಲ್ಲ ಕಣೇ, ಇದು ನಮ್ಮದೇ" ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಅವಳಿಗೆ ಅವತ್ತು ಸರಿಯಾಗಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ಆದರೆ ಅದರ ಬೇರು ಇರುವುದು ಶಾಲೆಗಳಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಇಂಗ್ಲಿಷ್ ಶಾಲೆಯೇ ಬೆಳೆದು ಮಹಾರಾಜ ಕಾಲೇಜಾಯಿತು. ಬೆಂಗಳೂರಿನಲ್ಲಿ 1858ರಲ್ಲಿ ಶುರುವಾದ ಹೈಸ್ಕೂಲು ಸೆಂಟ್ರಲ್ ಕಾಲೇಜಾಯಿತು. 1881ರ ಬಾಲಿಕಾ ಪಾಠಶಾಲೆ ಮಹಾರಾಣಿ ಕಾಲೇಜಾಯಿತು. ಹೈಸ್ಕೂಲಿನ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಇದನ್ನು ಹೇಳಿಕೊಳ್ಳಲು ನಮಗೆ ಸಂಕೋಚವೇನೂ ಬೇಡ.

ಅಲ್ಲಿಯವರೆಗೆ ನಮ್ಮ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಏನು ಓದಬೇಕು, ಯಾರು ಪಾಸು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು. ಇದು ಸರಿಯಲ್ಲ ಎಂದು ಹಟ ಹಿಡಿದವರು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯ. ಹಾಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಬ್ರಿಟಿಷರ ನೇರ ಆಡಳಿತದ ಹೊರಗಿದ್ದ ದೇಶೀ ಸಂಸ್ಥಾನವೊಂದರಲ್ಲಿ ಮೊದಲ ವಿಶ್ವವಿದ್ಯಾನಿಲಯ ಬಂತು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು. ಹಿಂದಿನ ವರ್ಷ, 1915ರಲ್ಲಿ, ಮೊಟ್ಟಮೊದಲ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರೂ ಅವರೇ. ಕಲಾ ವಿಷಯಗಳು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಂಬ ಏರ್ಪಾಡಿತ್ತು. ಎರಡು ಊರುಗಳಲ್ಲಿ ಕಾಲಿಟ್ಟೇ ಅದು ಹುಟ್ಟಿತು ಎನ್ನಬೇಕು. ರಾಧಾಕೃಷ್ಣನ್ ಅವರ ಸಾರೋಟನ್ನು ವಿದ್ಯಾರ್ಥಿಗಳೇ ರೈಲ್ವೆ ಸ್ಟೇಷನ್ನಿಗೆ ಎಳೆದುಕೊಂಡು ಹೋದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ.

ಅದಕ್ಕಿಂತ ನನಗೆ ಇಷ್ಟವಾದ ಕಥೆ ಕೌಟಿಲ್ಯ ವೃತ್ತದ ಬಳಿಯ ಕಟ್ಟಡದ್ದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆ 1887ರಲ್ಲಿ ಕಟ್ಟಿಸಲು ಆರಂಭಿಸಿದ ಕಟ್ಟಡ ಅದು. 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯ ಗ್ರಂಥಾಲಯ ಅಲ್ಲಿ ನೆಲೆಯೂರಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ತಂದು ಅಲ್ಲಿ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದಾಗ, ಹೆಸರು ಮಾತ್ರ ಕೇಳಿಬರುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಕೈಗೆ ಸಿಕ್ಕಿತ್ತು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ತೆರಿಗೆ, ಗೂಢಚಾರರು, ಅಳತೆ, ತೂಕ, ಕೂಲಿ ಎಲ್ಲವೂ ಇರುವ ಆ ಗ್ರಂಥ ಪ್ರಾಚೀನ ಭಾರತದ ಆಡಳಿತದ ಬಗ್ಗೆ ಪ್ರಪಂಚದ ತಿಳಿವಳಿಕೆಯನ್ನೇ ಬದಲಾಯಿಸಿತು. ಆ ಗ್ರಂಥಾಲಯ ಮುಂದೆ ವಿಶ್ವವಿದ್ಯಾನಿಲಯಕ್ಕೆ ಸೇರಿ, ಇವತ್ತಿನ ಪ್ರಾಚ್ಯವಿದ್ಯಾ ಸಂಶೋಧನಾಲಯವಾಗಿದೆ. ಸಂಶೋಧನೆ ಎಂದರೆ ಏನು ಎಂದು ಮಕ್ಕಳು ಕೇಳಿದಾಗಲೆಲ್ಲ ನಾನು ಈ ಕಥೆಯನ್ನೇ ಹೇಳುತ್ತಿದ್ದೆ. ಯಾರೋ ತಂದಿಟ್ಟ ಗಂಟನ್ನು ಇನ್ಯಾರೋ ತಾಳ್ಮೆಯಿಂದ ಬಿಚ್ಚುವುದು.

ವಿಶ್ವವಿದ್ಯಾನಿಲಯ ಮದರಾಸಿನಿಂದ ಮೈಸೂರಿಗೆ ಬಂತು, ನಿಜ. ಆದರೆ ಅದರ ಭಾಷೆ ಇಂಗ್ಲಿಷೇ ಆಗಿತ್ತು. ಕನ್ನಡದಲ್ಲಿ ಎಂ.ಎ. ತರಗತಿ ಬಂದದ್ದು 1927ರಲ್ಲಿ. ಬಿ.ಎಂ.ಶ್ರೀ ಅವರಂಥವರು ದುಡಿದು ತಂದ ಆ ತರಗತಿಯಲ್ಲಿ ಓದಿ 1929ರಲ್ಲಿ ಹೊರಬಂದವರು ಕುವೆಂಪು. 1933ರಲ್ಲಿ ಪ್ರಸಾರಾಂಗ ಶುರುವಾಯಿತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು, ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ನನ್ನ ಹತ್ತಿರ ಅಂಥವು ಐದಾರು ಇವೆ, ಹಾಳೆ ಹಳದಿಯಾಗಿ ಮುಟ್ಟಿದರೆ ಮುರಿಯುತ್ತವೆ. ವಿಶ್ವವಿದ್ಯಾನಿಲಯ ಮಾಡಿದ ದೊಡ್ಡ ಕೆಲಸಗಳ ಪಟ್ಟಿಯಲ್ಲಿ ಇದಕ್ಕೆ ಇನ್ನೂ ಮೇಲಿನ ಸ್ಥಾನ ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

1956ರಲ್ಲಿ ಕುವೆಂಪು ಕುಲಪತಿಗಳಾದರು. ಇಲ್ಲಿಯೇ ಓದಿ ಇಲ್ಲಿಯೇ ಕುಲಪತಿಯಾದ ಮೊದಲಿಗರು ಅವರು. ಕನ್ನಡದಲ್ಲಿ ಪಠ್ಯಪುಸ್ತಕ ಬರೆಸಲು ಒತ್ತು ಕೊಟ್ಟರು. ಕುಕ್ಕರಹಳ್ಳಿ ಕೆರೆಯ ಆಚೆ 739 ಎಕರೆಯ ಆವರಣವನ್ನು ಕಲ್ಪಿಸಿ, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. 1960ರಲ್ಲಿ ಅದು ಆರಂಭವಾಯಿತು. ಆ ಹೆಸರಿನ ಚೆಂದ ನೋಡಿ, ಮುಂದೆ ಸ್ನಾತಕೋತ್ತರ ಕೇಂದ್ರ ತೆರೆದ ಹಲವು ಕಡೆ ಗಂಗೋತ್ರಿಯೇ. ಕೊಣಾಜೆಯಲ್ಲಿ ಮಂಗಳಗಂಗೋತ್ರಿ, ದಾವಣಗೆರೆಯಲ್ಲಿ ಶಿವಗಂಗೋತ್ರಿ, ಹಾಸನದಲ್ಲಿ ಹೇಮಗಂಗೋತ್ರಿ, ಚಾಮರಾಜನಗರದಲ್ಲಿ ಸುವರ್ಣಗಂಗೋತ್ರಿ.

ಈ ಕೇಂದ್ರಗಳು ಒಂದೊಂದಾಗಿ ಬೇರೆ ಮನೆ ಮಾಡಿದವು. ಬೆಂಗಳೂರು 1964ರಲ್ಲಿ, ಮಂಗಳೂರು 1980ರಲ್ಲಿ, ಶಿವಮೊಗ್ಗ ಸೀಮೆಗೆ ಕುವೆಂಪು ವಿಶ್ವವಿದ್ಯಾನಿಲಯ 1987ರಲ್ಲಿ. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರಗಳೂ ಬೇರೆಯಾದವು. ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಎಂ.ಎ. ಸಿಗುವುದು ಸಣ್ಣ ಮಾತಲ್ಲ, ಅದಕ್ಕೆ ನಾನು ಸಂತೋಷಪಡುತ್ತೇನೆ. ಆದರೆ ಸಂಯೋಜಿತ ಕಾಲೇಜುಗಳ ಶುಲ್ಕ ವಿಶ್ವವಿದ್ಯಾನಿಲಯದ ಒಂದು ವರಮಾನ. ಜಿಲ್ಲೆ ಹೋದರೆ ಅದೂ ಹೋಗುತ್ತದೆ, ನಿವೃತ್ತರ ಪಿಂಚಣಿಯ ಹೊರೆ ಮಾತ್ರ ತಾಯಿಮನೆಯಲ್ಲೇ ಉಳಿಯುತ್ತದೆ. ಇತ್ತ ಹೊಸ ಮನೆಗೆ ಸಾಕಷ್ಟು ಹಣ, ಅಧ್ಯಾಪಕರು ಇಲ್ಲ. 2025ರಲ್ಲಿ ಇವನ್ನು ಮತ್ತೆ ಹಳೆಯ ಮನೆಗೇ ಸೇರಿಸುವ ಮಾತು ಸರ್ಕಾರದ ಮಟ್ಟದಲ್ಲಿ ಬಂತು. ಬೋರ್ಡು ಬರೆಸುವುದಕ್ಕೆ ಮೊದಲು ಯೋಚಿಸಬೇಕಾದದ್ದನ್ನು ಆಮೇಲೆ ಯೋಚಿಸಿದರೆ ಹೀಗೇ.

ಇಷ್ಟು ಜಿಲ್ಲೆಗಳಿಗೆ ಹತ್ತಿರ ಬಂದ ವಿಶ್ವವಿದ್ಯಾನಿಲಯ ಇದೇ ಊರಿನ ನಮ್ಮ ರಾಜೀವನಗರಕ್ಕೆ ಎಷ್ಟು ಹತ್ತಿರ? ನಮ್ಮ ಮಕ್ಕಳ ಮನೆಗಳಲ್ಲಿ ಬೀಡಿ ಕಟ್ಟುತ್ತಾರೆ, ಊದುಬತ್ತಿ ಹೊಸೆಯುತ್ತಾರೆ, ಆಟೋ ಓಡಿಸುತ್ತಾರೆ. ಒಬ್ಬ ತಾಯಿ ನನಗೆ ಹೇಳಿದ್ದು: "ಗಂಗೋತ್ರಿಗೆ ಎರಡು ಬಸ್ಸು ಮಿಸ್. ಸ್ಟ್ಯಾಂಡಿಗೆ ಒಂದು, ಅಲ್ಲಿಂದ ಇನ್ನೊಂದು. ಮಗಳು ಹೋಗಿ ಬರೋ ತನಕ ನನಗೆ ಜೀವ ಇರಲ್ಲ."

ಆದರೆ ಜಾಗವೇ ಬೇಡದ ಒಂದು ಆವರಣವನ್ನೂ ಮೈಸೂರು ವಿಶ್ವವಿದ್ಯಾನಿಲಯ ಕಟ್ಟಿತ್ತು. 1969ರಲ್ಲಿ ಶುರುವಾದ ಅಂಚೆ ತೆರಪಿನ ಶಿಕ್ಷಣ ಅದು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಮ್ಮ ಶಾಲೆಯಲ್ಲಿ ಓದಿ, ಪಿಯುಸಿ ಮುಗಿಸುತ್ತಲೇ ಮದುವೆಯಾಗಿದ್ದ ಒಬ್ಬ ಹುಡುಗಿ ಎಷ್ಟೋ ವರ್ಷದ ಮೇಲೆ, ಬಿ.ಎ. ಪಾಠಗಳ ಕಟ್ಟನ್ನು ಎದೆಗವುಚಿಕೊಂಡು ಸ್ಟಾಫ್ ರೂಮಿಗೆ ಬಂದಳು. ಮನೆಯಲ್ಲಿ ಆಡುವುದು ಉರ್ದು, ಪಾಠ ಕನ್ನಡದಲ್ಲಿ. ಸಂಜೆ ಬೆಲ್ ಹೊಡೆದ ಮೇಲೆ ಅರ್ಧ ಗಂಟೆ ಕೂತು ಓದುತ್ತಿದ್ದೆವು. ಮೌರ್ಯರ ಆಡಳಿತ ಎಂಬ ಪಾಠ ಬಂದಾಗ ಅವಳಿಗೆ ಶಾಮಶಾಸ್ತ್ರಿಗಳ ಓಲೆಗರಿಯ ಕಥೆ ಹೇಳಿದೆ. "ನಮ್ಮ ಮೈಸೂರಲ್ಲೇನಾ ಮಿಸ್? ಆ ದಾರೀಲಿ ಎಷ್ಟು ಸಲ ಬಸ್ಸಲ್ಲಿ ಹೋಗಿದೀನಿ!" ಎಂದಳು.

ಪರೀಕ್ಷೆಯ ಕೊನೆಯ ದಿನ ಆ ಕಟ್ಟಡದ ಹತ್ತಿರ ಇಳಿದು ಹೋಗಿದ್ದಳಂತೆ. ಸಂಜೆಯಾಗಿತ್ತು, ಬಾಗಿಲು ಹಾಕಿತ್ತು. "ಪರವಾಗಿಲ್ಲ ಮಿಸ್, ಇನ್ನೊಂದು ದಿನ ಬೆಳಿಗ್ಗೆ ಹೊತ್ತು ಹೋಗ್ತೀನಿ" ಎಂದಳು. ಪಾಠಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟು, ನಮ್ಮ ಶಾಲೆಯಿಂದ ಬೇರೆ ಯಾರಾದರೂ ಓದುವವರಿದ್ದರೆ ಕೊಡಿ ಎಂದು ಹೇಳಿಹೋದಳು.